ಬೆಣ್ಣೆ ತಿನ್ನುವ ಚೀಲ

ನನ್ನ ಸೋದರತ್ತೆಗೆ ಮಕ್ಕಳಿಲ್ಲವೆಂದು ಶಿಕಾರಿಪುರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ! ಒಂದಿದೆ. ಕಂದು ಬಣ್ಣ, ಹಿತ್ತಾಳೆ ಬಾಯಿ, ಎತ್ತಿಕೊಳ್ಳಲು ಒಂದು ಹಿಡಿ. ಮದುವೆಯ ಹೊಸತರಲ್ಲಿ ಮಾವ ಪುಣೆಯಿಂದ ತಂದುಕೊಟ್ಟ ಚರ್ಮದ ಕೈಚೀಲ ಅದು. ಮಾವ ತೀರಿಕೊಂಡು, ಅತ್ತೆ ನಮ್ಮ ಮನೆಗೇ ಬಂದು ಎಷ್ಟೋ ವರ್ಷವಾಯಿತು. ಚೀಲದ ಬಾಣಂತನ ಮಾತ್ರ ಇನ್ನೂ ಮುಗಿದಿಲ್ಲ.

ಹೌದು, ಬಾಣಂತನವೇ. ಶನಿವಾರ ಬಂತೆಂದರೆ ಅತ್ತೆ ಹಿತ್ತಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮಲಗಿಸಿಕೊಳ್ಳುವಂತೆ ಚೀಲವನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಾರೆ. ಸೀಗೆ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಿಸಿ, ಆಮೇಲೆ ಬೆಣ್ಣೆ. ಮೂಲೆಮೂಲೆಗೂ, ಹೊಲಿಗೆಯ ಸಂದಿಗೂ ಬೆರಳಿನಿಂದ ತೀಡಿ ತೀಡಿ ಬೆಣ್ಣೆ! ಕೊನೆಗೆ ಲೋಬಾನದ ಹೊಗೆ. ಇನ್ನು ದೃಷ್ಟಿ ತೆಗೆಯುವುದೊಂದು ಬಾಕಿ ಎಂದು ನಾನು ಬಾಯಿಬಿಟ್ಟಿದ್ದೇ ತಪ್ಪಾಯಿತು. ಮುಂದಿನ ವಾರದಿಂದ ಅದೂ ಶುರು.

“ರೊಟ್ಟಿಗೆ ಹಚ್ಚಾಕ ಬೆಣ್ಣಿ ಇಲ್ಲ, ಚೀಲಕ್ಕ ಐತಿ!” ಅಮ್ಮ ಒಳಗಿನಿಂದ ಕೂಗುತ್ತಾಳೆ.

“ರೊಟ್ಟಿ ನಾಳಿಗೆ ಇರ್ತೈತೇನು? ಇದು ಇರಬೇಕು,” ಎನ್ನುತ್ತಾರೆ ಅತ್ತೆ.

ಚೀಲ ಮಿರಮಿರ ಮಿಂಚುತ್ತದೆ, ಸುಳ್ಳಲ್ಲ. ಆದರೆ ಅತ್ತೆಯೊಡನೆ ಶಿರಾಳಕೊಪ್ಪದ ಸಂತೆಗೆ ಹೋಗಿ ನೋಡಿ! ಬೀದಿಯ ನಾಯಿಗಳೆಲ್ಲ ಮೂಗೆತ್ತಿಕೊಂಡು ಅವರ ಹಿಂದೆ. ಕಾಲೇಜು ಓದಿದ ನಾನು ದೂರದಲ್ಲಿ, ಬದನೆಕಾಯಿ ಆರಿಸುವವಳಂತೆ. “ಯಾಕವ್ವಾ, ಹಿಂದುಳಿದಿ?” ಎಂದು ಅವರು ಸಂತೆಗೆಲ್ಲ ಕೇಳುವಂತೆ ಕೂಗಿದಾಗ ಆ ಬದನೆಕಾಯಿಯೊಳಗೆ ಹೊಕ್ಕುಬಿಡೋಣ ಎನಿಸುತ್ತದೆ.

ಕುಪ್ಪಗಡ್ಡೆಯ ಮದುವೆಯಲ್ಲಂತೂ, ಚರ್ಮ ಒಳಗೆ ಬೇಡ, ಚಪ್ಪಲಿಯ ಹತ್ತಿರ ಬಿಡಿ ಎಂದರು. “ಹಂಗಾದ್ರ ನನ್ನ ಎಲಿನೂ ಇಲ್ಲೇ ಹಾಕ್ರಿ!” ಎಂದು ಅತ್ತೆ ಚಪ್ಪಲಿಗಳ ನಡುವೆ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು ಹೋಳಿಗೆ ಉಂಡರು. ಅವರು ಯಾರ ಕಡೆಯವರು ಎಂದು ಪಕ್ಕದವರು ಕೇಳಿದರು. ನಾನು ಚಪ್ಪರದ ತೋರಣ ನೋಡುತ್ತಿದ್ದೆ.

ಈ ವರ್ಷ ಸೊರಬದ ಹುಡುಗಿಯರ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮರ್ಯಾದಸ್ಥರ ಮನೆಯಲ್ಲಿ ಕೋಣೆ ಸಿಕ್ಕರೆ ಇರು, ಇಲ್ಲದಿದ್ದರೆ ಕೆಲಸ ಬಿಟ್ಟು ಬಾ ಎಂದರು ಅಪ್ಪ. ಜೊತೆಗೆ ಹೊರಟವರು ಯಾರು? ಅತ್ತೆ. ಮತ್ತು ಅದು!

ಒಂಟಿ ಹುಡುಗಿಗೆ ಕೋಣೆ ಕೊಡಲು ಎಲ್ಲರೂ ಹಿಂಜರಿದರು. ಉಳಿದದ್ದು ಒಂದೇ ಮನೆ. ಬಾಗಿಲಿಗೆ ಬಂದ ಹಿರಿಯಾಕೆಯ ಕಣ್ಣು ನೇರ ಚೀಲದ ಮೇಲೆ.

“ಎಂತದು ಅದು, ಚರ್ಮದ್ದಾ? ಹಾಗಾದ್ರೆ ಒಳಗೆ ಬೇಡ.”

ಕುಪ್ಪಗಡ್ಡೆಯ ಕಥೆಯೇ ಮತ್ತೆ. ಇನ್ನು ಎಲೆ ಹೊರಗೇ! ಅತ್ತೆ ಒಮ್ಮೆ ಚೀಲ ನೋಡಿದರು, ಒಮ್ಮೆ ನನ್ನನ್ನು. ಅದನ್ನು ಚಪ್ಪಲಿಯ ಪಕ್ಕ ಇಟ್ಟು, ಹಿತ್ತಾಳೆಯ ಬಾಯಿಯನ್ನು ಗೋಡೆಗೆ ತಿರುಗಿಸಿ, ಒಳಗೆ ನಡೆದರು.

“ಭಾಳ ನಾಚಿಕಿ ಹುಡುಗಿ ರೀ ಇದು,” ಎಂದು ನಗುತ್ತ ಮಾತು ತೆಗೆದರು. “ನನ್ನ ಕೂಡ ಸಂತಿಗೆ ಬರಾಕೂ ನಾಚ್ತಾಳ. ಇಂಥಾಕಿಯಿಂದ ನಿಮ್ಮ ಮನಿ ಹೆಸರು ಕೆಡತೈತೇನು?”

ಗೊತ್ತಿತ್ತು! ಬದನೆಕಾಯಿ, ತೋರಣ ಎಲ್ಲವೂ ಗೊತ್ತಿತ್ತು. ನಾನು ತಲೆ ಎತ್ತಲಿಲ್ಲ. ಹಿರಿಯಾಕೆ ನಕ್ಕು ಕೋಣೆಯ ಬಾಗಿಲು ತೆರೆದರು.

ಹೊರಗೆ ಬಂದಾಗ ಚೀಲ ಅಂಗಳದ ಮಧ್ಯೆ ಬಿದ್ದಿತ್ತು. ನಾಯಿಯೊಂದು ಅದರ ಹಿಡಿಯನ್ನು ಅಗಿದು ತುಂಡರಿಸಿ, ಬಾಯಿ ಚಪ್ಪರಿಸುತ್ತಿತ್ತು.

“ತಿನ್ಲಿ ಬಿಡು. ಬೆಣ್ಣಿ ಹಚ್ಚಿದಾಕಿ ನಾನೇ ಅಲ್ಲೇನು? ಕೋಣಿ ಸಿಕ್ತಲ್ಲ!” ಎಂದರು ಅತ್ತೆ. ಬೆರಳುಗಳು ಮಾತ್ರ ತುಂಡಾದ ಹಿಡಿಯ ಎರಡು ತುದಿಗಳನ್ನು ಮತ್ತೆ ಮತ್ತೆ ಕೂಡಿಸಿ ನೋಡುತ್ತಿದ್ದವು.

ಚೀಲವನ್ನು ನಾನು ಇಸಕೊಂಡು ಎದೆಗವಚಿಕೊಂಡೆ. ಇಸ್ತ್ರಿ ಮಾಡಿದ ಬಿಳಿ ಸೀರೆಗೆ ಜಿಡ್ಡು ಹತ್ತಿತು. ಬಸ್ ನಿಲ್ದಾಣದವರೆಗೂ ಸೊರಬದ ನಾಯಿಗಳು ನಮ್ಮಿಬ್ಬರ ಹಿಂದೆ ಬಂದವು. ಶಾಲೆಯ ಹುಡುಗಿಯರು ನಿಂತು ನೋಡಿದರು.

ನೋಡಲಿ.