ಬೊಂಬೆ ಮೆಟ್ಟಿಲ ಮೇಲೆ ಜೋಡಿ ಪಿಸ್ತೂಲು

ಒಂದು ವಯಸ್ಸು ದಾಟಿದ ಮೇಲೆ ಮನುಷ್ಯನಿಗೆ ಏನಾದರೂ ಹವ್ಯಾಸ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಆ ಹವ್ಯಾಸವನ್ನು ಮನೆಯಲ್ಲಿ ಎಲ್ಲಿ ಇಡಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಬೆಳಗಿನ ವಾಕಿಂಗು, ಯೋಗ, ಪದಬಂಧ ಇವಕ್ಕೆಲ್ಲ ಜಾಗ ಬೇಡ. ಸಂಸಾರಸ್ಥರಲ್ಲಿ ಅವುಗಳಿಗೆ ಇಷ್ಟು ಒಳ್ಳೆಯ ಹೆಸರಿರುವುದು ಅದಕ್ಕೇ. ನನ್ನ ಹವ್ಯಾಸಕ್ಕೆ ಗಾಜಿನ ಬಾಗಿಲಿನ ಬೀರುವೇ ಬೇಕು. ನಾನು ಹಳೆಯ ಕಾಲದ ಕೇಪಿನ ಪಿಸ್ತೂಲುಗಳನ್ನು ಕೂಡಿಡುತ್ತೇನೆ. ಕೆಂಪು ಕಾಗದದ ಸುರುಳಿಯಲ್ಲಿ ಮದ್ದಿನ ಚುಕ್ಕೆಗಳಿರುವ ಕೇಪು ಹಾಕಿ ಒತ್ತಿದರೆ ಟಪ್ ಎನ್ನುವ ಆಟಿಕೆ. ದೀಪಾವಳಿಯಲ್ಲಿ ನಾವೆಲ್ಲ ಹೊಡೆದದ್ದೇ. ಆದರೆ ನಮ್ಮದು ತಗಡಿನದು, ಹಬ್ಬ ಮುಗಿಯುವ ಮುನ್ನವೇ ಮುರಿಯುವಂಥದು. ಇಲ್ಲಿ ಆಸ್ಟ್ರೇಲಿಯಾದಲ್ಲಿ ನನ್ನ ತಂದೆಯ ಪ್ರಾಯದವರು ಚಿಕ್ಕವರಾಗಿದ್ದಾಗ ಆಡಿದ್ದು ಎರಕದ ಲೋಹದ್ದು, ನಿಕಲ್ ಲೇಪದ್ದು, ದಂತದ ಬಣ್ಣದ ಹಿಡಿಯ ಮೇಲೆ ಕುದುರೆಯ ತಲೆ ಮೂಡಿಸಿದ್ದು. ಅದನ್ನು ಸಿನಿಮಾದ ಕೌಬಾಯ್‌ಗಳಂತೆ ಸಿಕ್ಕಿಸಿಕೊಳ್ಳಲು ಚರ್ಮದ ಚೀಲವಿರುವ ಸೊಂಟಪಟ್ಟಿ, ಪಟ್ಟಿಯ ತುಂಬ ಹಿತ್ತಾಳೆಯ ಗುಂಡಿ, ಬಣ್ಣದ ಗಾಜಿನ ಕಲ್ಲು. ದನ ಕಾಯುವವನಿಗೆ ಇಷ್ಟೊಂದು ಅಲಂಕಾರ ಯಾಕ್ರೀ ಎಂದು ನನ್ನ ಹೆಂಡತಿ ವೀಣಾ ಒಮ್ಮೆ ಕೇಳಿದ್ದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಇನ್ನೂ ಸಿಕ್ಕಿಲ್ಲ.

ಬೆಂಗಳೂರಿನಲ್ಲಿ ಪತ್ರಿಕೆಯ ಡೆಸ್ಕಿನಲ್ಲಿ ಬಹಳ ಕಾಲ ಕೂತವನು ನಾನು. ಈಗ ಮೆಲ್ಬರ್ನಿನಲ್ಲಿ ಒಂದು ಕಂಪನಿಗೆ ವರದಿಗಳನ್ನು ತಿದ್ದಿ ಕೊಡುತ್ತೇನೆ. ಪ್ರಳಯದ ಸುದ್ದಿ ಬಂದರೂ ಮೊದಲು ಕಾಗುಣಿತ ನೋಡುವ ಜಾತಿ ನಮ್ಮದು. ಆದ್ದರಿಂದ ಮುಂದೆ ಹೇಳುವುದನ್ನು ಓದುಗರು ಉತ್ಪ್ರೇಕ್ಷೆ ಎಂದು ತಿಳಿಯಬೇಕಾಗಿಲ್ಲ.

ನಮ್ಮ ಕಂಪನಿಯ ಇನ್ನೊಂದು ಆಫೀಸು ನಾರ್ತ್ ಸಿಡ್ನಿಯಲ್ಲಿದೆ. ಅಲ್ಲಿಗೆ ಹೋದಾಗಲೆಲ್ಲ ಶನಿವಾರ ಉಳಿದುಕೊಂಡು ಹಳೆಯ ಆಟಿಕೆಗಳ ಸಂತೆ ಹುಡುಕಿಕೊಂಡು ಹೋಗುವುದು ನನ್ನ ಪದ್ಧತಿ. ಅಂಥ ಒಂದು ಸಂತೆಯಲ್ಲಿ ಪರಿಚಯವಾದವರು ಕೆನ್ ಎಂಬ ನಿವೃತ್ತ ಮೇಷ್ಟರು. ಅವರ ಬಳಿ ಎರಡು ಪಿಸ್ತೂಲಿಗೆ ಹೊಲಿದ ಬಿಳಿಯ ಸೊಂಟಪಟ್ಟಿಯಿತ್ತು. ಬಲಗಡೆಯ ಚೀಲದಲ್ಲಿ ಪಿಸ್ತೂಲು, ಎಡಗಡೆಯದು ಖಾಲಿ. ಆ ಎಡಗೈ ಪಿಸ್ತೂಲು ಮೆಲ್ಬರ್ನಿನ ನಮ್ಮ ಬಡಾವಣೆ ವಿಂಡಮ್ ವೇಲ್‌ನಲ್ಲಿ ನನ್ನ ಬೀರುವಿನಲ್ಲಿತ್ತು. ಅವರದರ ಹಿಡಿಯ ಮೇಲಿನ ಕುದುರೆ ಎಡಕ್ಕೆ ನೋಡುತ್ತದೆ, ನನ್ನದು ಬಲಕ್ಕೆ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಹುಟ್ಟಿದವು ಎಂದು ನಾನು ಬರೆಯಲಾರೆ, ಅದಕ್ಕೆ ಸಾಕ್ಷಿಯಿಲ್ಲ. ಒಂದೇ ಅಚ್ಚಿನ ಜೋಡಿ ಎನ್ನುವುದಂತೂ ನಿಜ. ಕೆನ್ ಸಣ್ಣ ಮನೆಗೆ ಹೋಗುವವರಿದ್ದರು. ನನ್ನ ಬೇರೆ ಎರಡು ಪಿಸ್ತೂಲು ಕೊಟ್ಟರೆ ತಮ್ಮದನ್ನೂ ಪಟ್ಟಿಯನ್ನೂ ಕೊಡಲು ಒಪ್ಪಿದರು. ಷರತ್ತು ಒಂದೇ. ನನ್ನ ಎಡಗೈ ಪಿಸ್ತೂಲು ಕಾಲ ಸವೆಸಿದಷ್ಟೇ ಸವೆದಿರಬೇಕು, ಮನುಷ್ಯ ಕೈ ಹಾಕಿರಬಾರದು. ಉಜ್ಜಿ ಹೊಳಪು ಮಾಡಿದ ಪಿಸ್ತೂಲಿನ ಪಕ್ಕ ತಮ್ಮದನ್ನು ಇಡಲು ಅವರು ಒಪ್ಪುವವರಲ್ಲ. ಅಂಚೆಯನ್ನೂ ವಿಮಾನ ನಿಲ್ದಾಣವನ್ನೂ ಅವರು ನಂಬುವವರಲ್ಲ. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿರುವ ಮಗಳ ಮನೆಗೆ ಹೇಗೂ ಕಾರಿನಲ್ಲಿ ಬರುತ್ತೇನೆ, ಆಗ ನೋಡೋಣ ಎಂದು ದಿನ ಹೇಳಿದರು. ಆ ದಿನ ಆಯುಧಪೂಜೆ ಎಂದು ಮೇಷ್ಟರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಅದರಿಂದ ತೊಂದರೆಯಾದೀತು ಎಂದು ಹೊಳೆಯಲಿಲ್ಲ.

ಆ ವರ್ಷ ನಮ್ಮ ಅತ್ತೆಯವರು ಮೈಸೂರಿನಿಂದ ಬಂದಿದ್ದರು. ಬರುವಾಗ ಸೂಟ್‌ಕೇಸಿನ ತುಂಬ ದಸರಾ ಬೊಂಬೆಗಳನ್ನು ತಂದಿದ್ದರು. ಹಾಲಿನಲ್ಲಿ ಬೊಂಬೆ ಕೂರಿಸಲು ಮೆಟ್ಟಿಲು ಕಟ್ಟಿದ್ದಾಯಿತು, ಮೆಟ್ಟಿಲು ಸಾಲದೆ ನನ್ನ ಬೀರುವಿನ ಮೇಲೂ ಕಣ್ಣು ಬಿತ್ತು.

"ರೀ, ನಿಮ್ ಗನ್ನೆಲ್ಲ ಗ್ಯಾರೇಜಿಗೆ ಶಿಫ್ಟ್ ಮಾಡ್ತೀನಿ. ಒಂಬತ್ತು ದಿನ ತಾನೆ," ಎಂದಳು ವೀಣಾ.

ಗ್ಯಾರೇಜಿಗೆ ಹೋದ ವಸ್ತು ಒಂಬತ್ತು ದಿನಕ್ಕೆ ಹಿಂದಿರುಗಿದ ದಾಖಲೆ ನಮ್ಮ ಮನೆಯಲ್ಲಿ ಇಲ್ಲ. ನನ್ನ ಟ್ರೆಡ್‌ಮಿಲ್ ಈಗಲೂ ಅಲ್ಲೇ ಇದೆ. ನಾನು ದನಿಯೇರಿಸಲಿಲ್ಲ. ವಾದದಲ್ಲಿ ದನಿ ಏರಿಸುವವನು ಸೋಲುತ್ತಾನೆ ಎಂಬುದು ಡೆಸ್ಕಿನ ಅನುಭವ. ಸಮಾಧಾನವಾಗಿ ಹೇಳಿದೆ: "ನೋಡು, ಆಯುಧಪೂಜೆ ದಿನ ಈ ಸಬರ್ಬಿನ ಕನ್ನಡದವರೆಲ್ಲ ಕಾರಿಗೆ, ಲ್ಯಾಪ್‌ಟಾಪಿಗೆ, ಮಿಕ್ಸಿಗೆ ಕುಂಕುಮ ಇಡ್ತಾರೆ. ನಿಜವಾಗಿ ಆಯುಧ ಅಂತ ಇರೋದು ನಮ್ಮ ಮನೇಲಿ ಮಾತ್ರ. ಅದನ್ನ ಗ್ಯಾರೇಜಲ್ಲಿ ಹಾಕಿ, ಲಾನ್ ಮೂವರ್‌ಗೆ ಪೂಜೆ ಮಾಡ್ತೀಯಾ?"

ವೀಣಾ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವಿವರಿಸುವುದಿಲ್ಲ. ಆದರೆ ಅತ್ತೆಯವರು ಕಡಲೆಕಾಳು ಆರಿಸುವುದನ್ನು ನಿಲ್ಲಿಸಿದರು. "ಹೌದಲ್ವೇನೇ ವೀಣಾ. ಅವರು ಹೇಳೋದ್ರಲ್ಲೂ ಅರ್ಥ ಇದೆ. ಇರ್ಲಿ ಬಿಡು, ಪೂಜೆಗೆ ಇಟ್ರಾಯ್ತು." ಹೀಗೆ ನಾನು ಗೆದ್ದೆ. ಗೆಲುವಿನ ಸಂತೋಷದಲ್ಲಿ ಪೂಜೆಗೆ ಎಡಗೈ ಪಿಸ್ತೂಲನ್ನೇ ನಾನಾಗಿ ಎತ್ತಿ ಕೊಟ್ಟೆ, ಉಳಿದವಕ್ಕಿಂತ ಲಕ್ಷಣವಾಗಿದೆ ಎಂದು.

ಆಯುಧಪೂಜೆಯ ಮಧ್ಯಾಹ್ನ ಗ್ಲೆನ್ ವೇವರ್ಲಿಗೆ ಹೋಗಿ ಕೆನ್ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೊರಟೆ. ಮೆಲ್ಬರ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರಿ. ದಾರಿಯುದ್ದಕ್ಕೂ ನನ್ನ ಪಿಸ್ತೂಲಿನ ಮೇಲಿನ ಮಸುಕು, ಅಂಚಿನಲ್ಲಿ ಕೂತಿರುವ ಹಳೆಯ ಕಪ್ಪು, ಒಂದು ಗೀರೂ ಹೊಸದಲ್ಲದ ಅದರ ಸ್ಥಿತಿ, ಇವನ್ನೆಲ್ಲ ನಾನು ಹೇಳುತ್ತಾ ಹೋದೆ. ಕೆನ್ ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು ತಲೆಯಾಡಿಸುತ್ತಿದ್ದರು. ಚೀಲದಲ್ಲಿ ಬಲಗೈಯದೂ ಸೊಂಟಪಟ್ಟಿಯೂ ಇದ್ದವು.

ಬಾಗಿಲು ತೆರೆದವರು ಅತ್ತೆಯವರೇ. ಮುಖದಲ್ಲಿ ಪರೀಕ್ಷೆಯಲ್ಲಿ ಮೊದಲು ಬಂದವರ ಕಳೆ. "ಬನ್ನಿ ಬನ್ನಿ. ನೋಡಿ ನಿಮ್ಮ ಆಯುಧ ಹೇಗಾಗಿದೆ," ಎಂದರು.

ಪಿಸ್ತೂಲು ಬೊಂಬೆ ಮೆಟ್ಟಿಲ ಮೇಲೆ ಹೊಳೆಯುತ್ತಿತ್ತು. ಪೂಜೆಗೆ ಇಡುವ ಲೋಹವನ್ನು ನಮ್ಮವರು ಹಾಗೇ ಇಡುವುದಿಲ್ಲ. ದೀಪದ ಕಂಬ, ಪಂಚಪಾತ್ರೆ, ಉದ್ಧರಣೆ ಎಲ್ಲ ಹುಣಸೆಹಣ್ಣು ಕಾಣಲೇಬೇಕು. ಅದೇ ಸಾಲಿನಲ್ಲಿ ಪಿಸ್ತೂಲೂ ಹುಣಸೆಹಣ್ಣು ಕಂಡಿತ್ತು. ಹುಣಸೆಹಣ್ಣಿಗೆ ಬಗ್ಗದ ಕಡೆ ಸ್ಟೀಲಿನ ನಾರು ಕಂಡಿತ್ತು. ಅಂಚುಗಳಲ್ಲಿ ನಿಕಲ್ ಹೋಗಿ ಕೆಳಗಿನ ಕೆಂಪು ಕಾಣುತ್ತಿತ್ತು. ಕೊಳವೆಗೆ ಗಂಧ, ಹಿಡಿಯ ಕುದುರೆಯ ಹಣೆಗೆ ಕುಂಕುಮ, ಮೇಲೊಂದು ಸೇವಂತಿಗೆ.

"ಒಳಗಡೆ ತಾಮ್ರ ಇದೆ, ನಿಮಗೆ ಗೊತ್ತಿತ್ತಾ?" ಎಂದರು ಅತ್ತೆಯವರು. "ಪೂರ್ತಿ ತೆಗೀಬೇಕು ಅಂತಿದ್ದೆ. ಕೈ ನೋವು ಬಂತು."

ಹೊರಗೆ ನಾನು ಶಾಂತವಾಗಿಯೇ ಇದ್ದೆ. ಆದರೂ ನನ್ನ ಮಗಳು ಹತ್ತಿರ ಬಂದು "ಡ್ಯಾಡ್, ಬ್ರೀದ್," ಎಂದು ಪಿಸುಗುಟ್ಟಿದಳು.

ಕೆನ್ ಜೇಬಿನಿಂದ ಭೂತಗನ್ನಡಿ ತೆಗೆದರು. ಬಹಳ ಹೊತ್ತು ನೋಡಿದರು. ಇದನ್ನು ಮಾಡಿದ್ದು ಯಾರು ಎಂದು ಕೇಳಿದರು. ಕರ್ತೃವನ್ನು ಹೇಳದೆ ವಾಕ್ಯ ಮುಗಿಸುವ ಕಲೆ ಪತ್ರಕರ್ತನಿಗೆ ಕರತಲಾಮಲಕ. "ಶುಚಿಗೊಳಿಸಲಾಗಿದೆ" ಎಂಬರ್ಥದ ಇಂಗ್ಲಿಷ್ ವಾಕ್ಯ ಹೇಳಿದೆ. ಕ್ಲೀನ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆಯವರು ಎದೆಯ ಮೇಲೆ ಕೈಯಿಟ್ಟುಕೊಂಡು, "ಮೀ, ಮೀ. ಟ್ಯಾಮರಿಂಡ್," ಎಂದರು. ಕೆನ್ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡರು. ಬಟ್ಟೆಯ ಚೀಲದ ದಾರವನ್ನು ಇನ್ನೊಂದು ಗಂಟು ಬಿಗಿದರು. ನಮ್ಮ ಒಪ್ಪಂದ ಮುಗಿಯಿತು ಎಂದು ನನಗೆ ಅರ್ಥವಾಯಿತು.

ಹಬ್ಬದ ದಿನ ಮನೆಗೆ ಬಂದವರನ್ನು ಹಾಗೇ ಕಳಿಸುವಂತಿಲ್ಲ. ವೀಣಾ ಕಾಫಿ ಕೊಟ್ಟಳು, ಕಡಲೆಕಾಳಿನ ಉಸಲಿ ಕೊಟ್ಟಳು. ಉಸಲಿ ತಿನ್ನುತ್ತ ಬೊಂಬೆಗಳ ಕಡೆ ನೋಡುತ್ತಿದ್ದ ಕೆನ್ ಮೇಲಿನ ಮೆಟ್ಟಿಲಿನ ಪಟ್ಟದ ಬೊಂಬೆಗಳ ಮುಂದೆ ಎದ್ದು ನಿಂತರು. ರಾಜ, ರಾಣಿ, ಚಂದನದ ಮರದ್ದು, ಅತ್ತೆಯವರ ಅಜ್ಜಿಯ ಮದುವೆಯಲ್ಲಿ ಕೊಟ್ಟಿದ್ದು. ರಾಜನ ಮೂಗು ಸವೆದು ಸಪಾಟಾಗಿದೆ. ರಾಣಿಯ ಸೀರೆಯ ಬಣ್ಣ ಇದೆಯೆಂದು ನಂಬಬೇಕು. ಇವಕ್ಕೆ ಹೊಸ ಬಣ್ಣ ಹಾಕಿಸಿಲ್ಲವೇ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

ಅತ್ತೆಯವರಿಗೆ ಆಘಾತವಾಯಿತು. "ಅಯ್ಯೋ, ಅದನ್ನ ಮುಟ್ಟೋದುಂಟಾ? ನಮ್ಮಜ್ಜಿ ಇದ್ದಾಗ ಹೇಗಿತ್ತೋ ಹಾಗೇ ಇರಬೇಕು. ಹಳೇದಕ್ಕೆ ಬಣ್ಣ ಹಚ್ಚಿದ್ರೆ ಅದು ಹಳೇದಾಗಿ ಉಳಿಯುತ್ತಾ ಅಂತ ಅವರಿಗೆ ಹೇಳಿ."

ಹೇಳಿದೆ. ಒಂದು ಅಕ್ಷರವನ್ನೂ ಬದಲಿಸದೆ ಹೇಳಿದೆ. ಅದಕ್ಕೆ ಬೇಕಾದ ಸಂಯಮವನ್ನು ವೃತ್ತಿ ನನಗೆ ಕಲಿಸಿದೆ. ಕೆನ್ ಅತ್ತೆಯವರನ್ನು ನೋಡಿದರು, ಹೊಳೆಯುವ ಪಿಸ್ತೂಲನ್ನು ನೋಡಿದರು, ಆಮೇಲೆ ನಗಲು ಶುರು ಮಾಡಿದರು. ನಗು ನಿಂತ ಮೇಲೆ ಚೀಲದ ಗಂಟು ಬಿಚ್ಚಿ ತಮ್ಮದನ್ನು ತೋರಿಸಿದರು.

ಅತ್ತೆಯವರು ಎರಡೂ ಕುದುರೆಗಳ ಮುಖ ನೋಡಿದರು. "ಇದು ಅದರ ಜೋಡಿ ಅಲ್ವಾ? ಒಂದು ಆ ಊರಲ್ಲಿ, ಒಂದು ಈ ಊರಲ್ಲಿ ಇಟ್ಕೊಂಡಿದ್ದೀರಲ್ಲ, ಇಬ್ಬರೂ ದೊಡ್ಡವರು," ಎಂದು ನಮ್ಮಿಬ್ಬರನ್ನೂ ಸೇರಿಸಿ ಬೈದು, ಕೆನ್ ಕೈಯಿಂದ ಪಟ್ಟಿಯನ್ನೂ ಪಿಸ್ತೂಲನ್ನೂ ತೆಗೆದುಕೊಂಡರು. ಎಡಗೈಯದನ್ನು ಪಟ್ಟಿಯ ಖಾಲಿ ಚೀಲಕ್ಕೆ ಸೇರಿಸಿ ರಾಜ ರಾಣಿಯರ ಕೆಳಗಿನ ಮೆಟ್ಟಿಲ ಮೇಲೆ ಜೋಡಿಸಿದರು. ಕುಂಕುಮದ ಬಟ್ಟಲಿಗೆ ಕೈ ಹೋಯಿತು. ಪಟ್ಟಿಯದು ಬಿಳಿಯ ಚರ್ಮ. ನಾನು ಕಣ್ಣು ಮುಚ್ಚಿಕೊಂಡೆ. ಕೆನ್ ಮುಚ್ಚಿಕೊಳ್ಳಲಿಲ್ಲ, ತಡೆಯಲೂ ಇಲ್ಲ.

ಹೊರಡುವಾಗ ಅವರ ಬಟ್ಟೆಯ ಚೀಲ ಖಾಲಿಯಾಗಿತ್ತು. ಬದಲಿಗೆಂದು ನಾನು ತೆಗೆದಿಟ್ಟಿದ್ದ ಎರಡು ಪಿಸ್ತೂಲುಗಳನ್ನು ಮುಂದಿಟ್ಟರೆ ಬೇಡವೆಂದರು. ಇದು ನಿಮಗೆ ಕೊಟ್ಟದ್ದಲ್ಲ, ನಿಮ್ಮ ಅತ್ತೆಗೆ ಕೊಟ್ಟದ್ದು. ನೂರು ವರ್ಷ ವಸ್ತು ಇಟ್ಟುಕೊಂಡು ಗೊತ್ತಿರುವ ಮನೆತನ ಅವರದು ಎಂದರು. ಹುಣಸೆಹಣ್ಣೊಂದನ್ನು ದೂರ ಇಡುವಂತೆ ಅವರಿಗೆ ಹೇಳಿ ಎಂದೂ ಸೇರಿಸಿದರು. ಅದನ್ನೂ ಅನುವಾದಿಸಿದೆ.

"ಬೊಂಬೆ ಜೊತೆ ಕೂತ ಮೇಲೆ ಅದು ಬೊಂಬೆನೇ. ಇನ್ಯಾಕೆ ಉಜ್ಜಲಿ?" ಎಂದರು ಅತ್ತೆಯವರು.

ಈ ಮಾತಿನ ಪೂರ್ಣ ಅರ್ಥ ನನಗೆ ತಿಳಿದದ್ದು ಹಬ್ಬ ಮುಗಿದ ಮೇಲೆ. ಬೊಂಬೆಗಳನ್ನೆಲ್ಲ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ ಪೆಟ್ಟಿಗೆಗೆ ಇಡುವಾಗ ಪಿಸ್ತೂಲಿನ ಜೋಡಿಯೂ ಸುತ್ತಿಸಿಕೊಂಡು ಒಳಗೆ ಹೋಯಿತು. ನಾನು ಬೀರುವಿನ ನಡುವಿನ ಹಲಗೆಯನ್ನು ಒರೆಸಿ ಕಾಯುತ್ತಿದ್ದೆ.

"ಎತ್ತಿಟ್ಟ ಬೊಂಬೇನ ಮುಂದಿನ ದಸರಾವರೆಗೂ ತೆಗೆಯೋ ಹಾಗಿಲ್ಲ ಕಣ್ರೀ," ಎಂದಳು ವೀಣಾ, ಪೆಟ್ಟಿಗೆಯ ಬೀಗದ ಕೈಯನ್ನು ತನ್ನ ಬ್ಯಾಗಿಗೆ ಹಾಕಿಕೊಳ್ಳುತ್ತ. ದನಿಯಲ್ಲಿ ಭಕ್ತಿಯೇ ಇತ್ತು, ಬೇರೇನೂ ಇತ್ತೆಂದು ನಾನು ಸಾಬೀತು ಮಾಡಲಾರೆ.

ಬೊಂಬೆಯ ಪೆಟ್ಟಿಗೆಯನ್ನು ವೀಣಾಳ ವಶಕ್ಕೆ ಬಿಟ್ಟು ಅತ್ತೆಯವರು ಮೈಸೂರಿಗೆ ಹಿಂದಿರುಗಿದ್ದಾರೆ. ಕೆನ್ ಸಿಡ್ನಿಯಿಂದ ಆಗಾಗ ಫೋನ್ ಮಾಡುತ್ತಾರೆ. ನನ್ನ ಹತ್ತಿರ ಹವಾಮಾನ ಮಾತಾಡಿ, ಅತ್ತೆಯವರನ್ನೂ ಲೈನಿಗೆ ಸೇರಿಸಿ ಎನ್ನುತ್ತಾರೆ. ಆಮೇಲೆ ಅವರಿಬ್ಬರೂ ನನ್ನ ಅನುವಾದದ ಮೂಲಕ ಚರ್ಮಕ್ಕೆ ಬೂಷ್ಟು ಹಿಡಿಯದಂತೆ ಬೇವಿನ ಸೊಪ್ಪು ಇಡಬಹುದೇ ಎಂದೆಲ್ಲ ಚರ್ಚಿಸುತ್ತಾರೆ. ಈ ದೇಶದಲ್ಲಿ ಇಂಥ ಪೂರ್ಣ ಜೋಡಿ ಬೇರೆ ಯಾರ ಬಳಿಯೂ ಇದ್ದಂತಿಲ್ಲ ಎಂದು ಮೊನ್ನೆ ಕೆನ್ ಹೇಳಿದರು. ನನಗೆ ಹೆಮ್ಮೆಯಾಯಿತು. ಎದೆಯುಬ್ಬಿಸಿಕೊಂಡು ಆ ಮಾತನ್ನು ಅದರ ಮಾಲೀಕರಿಗೆ ಅನುವಾದಿಸಿ ಹೇಳಿದೆ.