ಮಾವನ ಹನ್ನೊಂದು ಫೋಟೊ ಪುಸ್ತಕಗಳು

ಉಡುಪಿಯ ಒಂದು ಕಲ್ಯಾಣ ಮಂಟಪದಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ವಧುವಿನ ಬಲಕ್ಕೆ ಒಂದೂವರೆ ಅಡಿ ದೂರದಲ್ಲಿ ನಾನು ನಿಂತಿದ್ದೆ. ವರನಾಗಿ! ಆದರೆ ಇದನ್ನು ತೋರಿಸಲು ನನ್ನಲ್ಲಿ ಫೋಟೊ ಇಲ್ಲ. ಫೋಟೊ ತೆಗೆಯುವ ಹೊಣೆ ನನ್ನ ಸೋದರಮಾವನದಾಗಿತ್ತು. ಮಾವನ ಕಣ್ಣಿನಲ್ಲಿ ಒಂದು ದೋಷವಿತ್ತು: ಎಲ್ಲರೂ ನೋಡುತ್ತಿರುವ ಮನುಷ್ಯ ಅವರಿಗೆ ಕಾಣುತ್ತಿರಲಿಲ್ಲ.

ನಮ್ಮ ಮದುವೆಯ ಆಲ್ಬಮ್‌ನಲ್ಲಿ ಯಾರಿದ್ದಾರೆ? ತೆಂಗಿನಕಾಯಿ ತುರಿಯುವವರು, ಚಪ್ಪಲಿ ಕಾಯುವ ಅಜ್ಜ, ಎಂಜಲೆಲೆ ಎತ್ತುವ ಹೆಂಗಸು. ಅವಳ ಹೆಗಲಿನ ಹಿಂದೆ, ಮಸುಕಾಗಿ, ನನ್ನ ಪೇಟದ ತುದಿ.

"ನನಗೆ ಮದುವೆ ಆದದ್ದಕ್ಕೆ ಇಷ್ಟೇ ಸಾಕ್ಷಿಯಾ?" ಎಂದು ಹೆಂಡತಿ ಇಂದಿಗೂ ಕೇಳುತ್ತಾಳೆ.

ಕಾರ್ಕಳದ ಬಸ್ ನಿಲ್ದಾಣದಲ್ಲಿ "ಉಡ್ಪಿ ಉಡ್ಪಿ ಉಡ್ಪಿ" ಎಂದು ಕೂಗುವವನನ್ನು ಮಾವ ಫೋಟೊಕ್ಕೆಂದು ತಮ್ಮ ಸ್ಟೂಲಿನ ಮೇಲೆ ಕೂರಿಸಿ, ಬಾಚಣಿಗೆ ಕೊಟ್ಟರು. ಅವನು ತಲೆ ಬಾಚಿದ್ದೇ ಬಾಚಿದ್ದು! ಕಂಡಕ್ಟರನಿಗೆ ಸಿಟ್ಟು ಬಂತು.

"ಟೈಮ್ ಆಯ್ತು ಮಾರಾಯ್ರೆ, ಬಸ್ಸು ಹೊರಡ್ಬೇಕು!"

"ಹೊರಡಿ. ಜನ ಕರೆಯುವವ ಇಲ್ಲಿದ್ದಾನೆ, ಖಾಲಿ ಬಸ್ಸು ಕೊಂಡೋಗಿ ಎಂತ ಮಾಡ್ತೀರಿ?"

ಕಾಪುವಿನಲ್ಲಿ ಮೀನು ಒಣಗಿಸುತ್ತಿದ್ದ ಒಬ್ಬ ಹೆಂಗಸು ಮಾವನನ್ನು ಚೆನ್ನಾಗಿಯೇ ಬೈದರು. "ನಿಮಗೆ ಬೇರೆ ಕೆಲಸ ಇಲ್ವಾ? ಅಲ್ಲಿ ದೀಪಸ್ತಂಭ ಉಂಟು, ಅದರ ಫೋಟೊ ತೆಗೀರಿ."

"ಅದರದ್ದು ಊರಿಡೀ ಉಂಟು ಅಕ್ಕ. ನಿಮ್ಮದು ಎಲ್ಲಿ ಉಂಟು?"

ಆಕೆ ಕೈಯಲ್ಲಿದ್ದ ಮೀನು ಕೆಳಗಿಟ್ಟರು. "ನಿಲ್ಲಿ," ಎಂದರು. "ಸರ ಹಾಕಿ ಬರ್ತೇನೆ."

ಹೀಗೆ ಕಲ್ಯಾಣಪುರದ ಮಾವನ ಮನೆಯಲ್ಲಿ ಹನ್ನೊಂದು ದಪ್ಪ ಪುಸ್ತಕಗಳು ತುಂಬಿದವು. ಪುಟಕ್ಕೊಂದು ಮುಖ, ಕೆಳಗೆ ಹೆಸರು, ಊರು. ಅಳಿಯಸಂತಾನದವರಾದ ನಮ್ಮಲ್ಲಿ ಮಾವನ ಆಸ್ತಿ ಸೋದರಳಿಯನಿಗೆ. ನನಗೆ ಗದ್ದೆ ಬರಲಿಲ್ಲ, ಇವು ಬರಲಿದ್ದವು!

ಮಾವ ಕಣ್ಣಿನ ಪೊರೆ ತೆಗೆಸಲು ಮಣಿಪಾಲಕ್ಕೆ ಹೋಗಿದ್ದಾಗ ಆ ಮನೆ ಕಾಯುತ್ತಿದ್ದವನು ನಾನು. ಶುಕ್ರವಾರ ಮಧ್ಯಾಹ್ನ ಒಬ್ಬ ಹೆಂಗಸು ಬಾಗಿಲಿಗೆ ಬಂದರು. ಬಾದಾಮಿ ಕಡೆಯವರು. ಮಗ ಹನುಮಂತ ಇಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಸತ್ತಿದ್ದ. ಅವನ ಬಟ್ಟೆ ಒಯ್ಯಲು ಬಂದಿದ್ದರು.

"ಸೋಮವಾರ ಅವನ ದಿವಸದ ಪೂಜಿ ಐತ್ರಿ. ಗ್ವಾಡಿಗೆ ಹಾಕಾಕ ಫೋಟೊ ಇಲ್ಲ. ಆಧಾರ್ ಕಾರ್ಡಿನಾಗ ಅಂವ ಅಂವನಂಗ ಇಲ್ರಿ. ಇಲ್ಲಿ ಅಜ್ಜಾರು ಒಂದು ತಗದಾರ, ನಕ್ಕೋತ ಕುಂತೀನಿ ಅಂತ ಹೇಳಿದ್ದ."

ನಾನು ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು. ಹುಡುಕುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಗನ ಹೆಸರು ಕೇಳಿದೆ. ತಂದೆಯ ಹೆಸರು ಕೇಳಿದೆ. ಊರು ಕೇಳಿದೆ. ಪ್ರತಿ ಪುಸ್ತಕದ ಪುಟಗಳೂ ಅಕಾರಾದಿಯಲ್ಲಿದ್ದವು. 'ಹ' ನೋಡಿದೆ, ತಂದೆ ಭೀಮಪ್ಪನೆಂದು 'ಭ' ನೋಡಿದೆ, ಹನ್ನೊಂದೂ ಪುಸ್ತಕಗಳಲ್ಲಿ.

"ಇಲ್ಲಮ್ಮ," ಎಂದೆ.

"ಇರ್ಲಿ ಬಿಡ್ರಿ. ನೀವರ ಇಷ್ಟು ನೋಡಿದ್ರಲ್ಲ."

ಬಟ್ಟೆಯ ಚೀಲ ಎತ್ತಿಕೊಂಡು ಹೋದರು.

ಮಾವ ಶನಿವಾರ ಬಂದರು. ನಾನು ಹೇಳಲಿಲ್ಲ. ನನ್ನ ಮಟ್ಟಿಗೆ ಆ ಕಡತ ಮುಗಿದಿತ್ತು. ಸೋಮವಾರ ಸಂಜೆ, ಕಾಫಿ ಕುಡಿಯುವಾಗ ಮಾತಿಗೆ ಮಾತು ಬಂದು ಹೇಳಿದೆ.

"ಅವರ ಹೆಸರು ಎಂತ?" ಎಂದರು ಮಾವ.

"ಹನುಮಂತನ ತಾಯಿ."

"ಅದಲ್ಲ ಮಾರಾಯ. ಅವರ ಹೆಸರು."

ನಾನು ಕೇಳಿರಲಿಲ್ಲ. ಮಾವನಿಗೆ ನೆನಪಿತ್ತು. ಮಾವ ಕಪ್ಪು ಕನ್ನಡಕದಲ್ಲೇ ಎದ್ದು, ಒಂಬತ್ತನೆಯ ಪುಸ್ತಕ ತಂದು, 'ಯ' ತೆರೆಸಿದರು. 'ಯಲ್ಲವ್ವನ ಮಗ ಹನುಮಂತ.' ಸ್ಟೂಲಿನ ಮೇಲೆ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ. ನಮ್ಮಲ್ಲಿ ಮನುಷ್ಯ ತಾಯಿಯ ಕಡೆಯವನಲ್ಲವೇ? ಮಾವ ಬಾದಾಮಿಯವರನ್ನೂ ಹಾಗೇ ಬರೆದುಕೊಂಡಿದ್ದರು. ಅದೇ ಅಳಿಯಸಂತಾನದ ಅಳಿಯ ನಾನು ಅಪ್ಪನನ್ನು ಹುಡುಕಿದ್ದೆ. ಹೋಗಲಿ, ಪುಸ್ತಕವನ್ನು ಆ ಹೆಂಗಸಿನ ಕೈಗೆ ಕೊಟ್ಟಿದ್ದರೂ ಸಾಕಿತ್ತು. ಮಗನ ಮುಖ ಹುಡುಕಲು ತಾಯಿಗೆ ಅಕಾರಾದಿ ಬೇಕೆ?

ಮಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಫೋಟೊಗೆ ಗಾಜಿನ ಕಟ್ಟು ಹಾಕಿಸಿ, ಪುಟದಲ್ಲಿದ್ದ ಊರು ಹಿಡಿದು ಇಬ್ಬರೂ ಬಾದಾಮಿ ಕಡೆ ಹೋದೆವು. ಬುಧವಾರ ಬೆಳಿಗ್ಗೆ ಮನೆ ಸಿಕ್ಕಿತು. ಪೂಜೆಗೆ ಬಂದವರೆಲ್ಲ ಹೋಗಿಯಾಗಿತ್ತು. ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಹೂವಿನ ಹಾರ, ಹಾರದ ಒಳಗೆ ಖಾಲಿ ಗೋಡೆ. ಹೂವು ಬಾಡಿತ್ತು.

ಆಕೆ ಫೋಟೊ ತೆಗೆದುಕೊಂಡು ಸೆರಗಿನಿಂದ ಗಾಜು ಒರೆಸಿದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ. ಗೋಡೆಗೆ ಹಾಕಲಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಕುಳಿತರು.

ಮಾವ ನನ್ನ ಕಡೆ ನೋಡಿದರು. ನಾನು ಆ ತಾಯಿಯ ಎದುರು ನೆಲದ ಮೇಲೆ ಕುಳಿತು ಕೇಳಿದೆ: "ಅಮ್ಮ, ನಿಮ್ಮ ಹೆಸರು?"

ಗೊತ್ತಿದ್ದೂ ಕೇಳಿದೆ. ಅವರು ಹೇಳಿದರು.

ಇದಕ್ಕೂ ನನ್ನಲ್ಲಿ ಫೋಟೊ ಇಲ್ಲ. ಅಲ್ಲಿದ್ದವರು ಮೂವರೇ. ಮಾವ ಈಗಿಲ್ಲ. ನಾನಿದ್ದೇನೆ. ಯಲ್ಲವ್ವ ಇದ್ದಾರೆ.