ಮಾವನ ಪ್ರಶ್ನೆಯ (ಇ) ಭಾಗ

ನಮ್ಮ ಸೋದರಮಾವ ಮದರಾಸಿನ ಕ್ರೋಂಪೇಟೆಯ ಎರಡನೇ ಮಹಡಿಯ ಬಾಲ್ಕನಿಯಲ್ಲಿ, ಒಣಹಾಕಿದ ಪಂಚೆ ಸೀರೆಗಳ ನಡುವೆ ಕುಳಿತು ಭಾರತ ಸರ್ಕಾರವನ್ನು ವಿಚಾರಿಸಿಕೊಳ್ಳುತ್ತಿದ್ದರು. ನಂಬಿಕೆ ಬರುವುದಿಲ್ಲವೇ? ದೆಹಲಿಯ ಕಾನೂನು ಮತ್ತು ನ್ಯಾಯ ಮಂತ್ರಿಗಳಿಗೆ ಇವರ ಹೆಸರು ಗೊತ್ತಿರಲಿಲ್ಲ, ನಿಜ. ಆದರೆ ಅಧಿವೇಶನ ಬಂತೆಂದರೆ ಅಲ್ಲಿನ ನಾಲ್ಕಾರು ಗುಮಾಸ್ತರು ಊಟ ಬಿಟ್ಟು ಕಡತ ಹುಡುಕುತ್ತಿದ್ದುದು ಇವರ ದೆಸೆಯಿಂದಲೇ. ಹಾಗಂತ ಇವರೇ ಹೇಳುತ್ತಿದ್ದರು.

ಮಾವ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು. ಪಾರ್ಲಿಮೆಂಟಿನ ಸದಸ್ಯರು ಯಾರಾದರೂ ಲಿಖಿತ ಪ್ರಶ್ನೆ ಕೇಳಿದರೆ ಅದರ ಉತ್ತರಕ್ಕೆ ಸಾಮಗ್ರಿ ಒದಗಿಸುವುದು ಅವರ ಕೆಲಸ. ಉತ್ತರ ಅಂದರೆ ಏನು? ಉತ್ತರ ಕೊಟ್ಟ ಹಾಗೂ ಇರಬೇಕು, ಏನೂ ಹೇಳಿರಲೂಬಾರದು. ಸರ್ವೀಸಿನ ಉದ್ದಕ್ಕೂ ಈ ವಿದ್ಯೆಯನ್ನು ಅರೆದು ಕುಡಿದವರು ನಿವೃತ್ತರಾದ ಮೇಲೆ ಪಕ್ಷ ಬದಲಾಯಿಸಿ ಪ್ರಶ್ನೆ ಬರೆಯಲು ಕುಳಿತರು. ಪರಿಚಯದ ಸಂಸದರೊಬ್ಬರ ಕಚೇರಿ ಎಗ್ಮೋರಿನಲ್ಲಿತ್ತು. ಇವರು ಬರೆದು ಕೊಟ್ಟದ್ದಕ್ಕೆ ಅವರು ಸಹಿ ಹಾಕಿ ದೆಹಲಿಗೆ ಕಳಿಸುತ್ತಿದ್ದರು. ಅಷ್ಟು ವರ್ಷ ಉಪ್ಪು ತಿಂದ ರೈಲನ್ನು ಬಿಟ್ಟು ನ್ಯಾಯ ಇಲಾಖೆಯನ್ನೇ ಯಾಕೆ ಹಿಡಿದುಕೊಂಡರೋ, ನಾನು ಕೇಳಲಿಲ್ಲ.

"ಪ್ರಶ್ನೆಗೆ ಹಿತ್ತಿಲ ಬಾಗ್ಲು ಇರ್ಬಾರ್ದು ಕಣೇ," ಎಂದು ನನಗೆ ಪಾಠ ಹೇಳುತ್ತಿದ್ದರು. "ಸರ್ಕಾರಕ್ಕೆ ಗೊತ್ತಿದೆಯೇ ಅಂತ ಕೇಳಿದ್ರೆ, ಗೊತ್ತಿದೆ ಅಂತ ಹೇಳಿ ಓಡೋಗ್ತಾರೆ. ಎಷ್ಟು, ಎಲ್ಲಿ, ಎಂದಿನಿಂದ ಅಂತ ಕೇಳ್ಬೇಕು. ಸರ್ಕಾರದ ಅಭಿಪ್ರಾಯ ಏನು ಅಂತ ಮಾತ್ರ ಕೇಳ್ಲೇಬಾರ್ದು. ಕೇಳಿದ್ರೆ ಪ್ರಶ್ನೇನೇ ತಳ್ಳಿಹಾಕ್ತಾರೆ."

ಈ ಚಾಳಿ ಬಾಲ್ಕನಿಯಲ್ಲಿ ನಿಂತಿದ್ದರೆ ಯಾರಿಗೇನು ತೊಂದರೆ? ಅದು ಅಡುಗೆಮನೆಗೂ ಬಂತು. ಒಂದು ದಿನ ಊಟಕ್ಕೆ ಕುಳಿತವರು ಗಂಟಲು ಸರಿಮಾಡಿಕೊಂಡರು.

"(ಅ) ಇವತ್ತಿನ ಹುಳಿಗೆ ಉಪ್ಪು ಬಿದ್ದಿಲ್ಲ ಎಂಬುದು ನಿಜವೇ? (ಆ) ನಿಜವಾದರೆ, ಅದಕ್ಕೆ ಕಾರಣಗಳೇನು?"

ಅತ್ತೆ ಸೌಟು ಕೆಳಗಿಡಲಿಲ್ಲ. "ಮಾಹಿತಿ ಸಂಗ್ರಹಿಸ್ತಾ ಇದೀವಿ. ಸಿಕ್ಕಿದ ಕೂಡ್ಲೇ ಮೇಜಿನ ಮೇಲೆ ಇಡ್ತೀವಿ. ಅಲ್ಲೀವರ್ಗೂ ಪೇಸಾಮ ಊಟ ಮಾಡಿ."

ಮದರಾಸಿನಲ್ಲಿ ಅಷ್ಟು ವರ್ಷ ಇದ್ದ ಅತ್ತೆಗೆ ಬಾಯಿ ಮುಚ್ಚಿಸುವಾಗ ತಮಿಳೇ ಬರುತ್ತಿತ್ತು. ಮಾವ ಪೇಸಾಮ, ಅಂದರೆ ತೆಪ್ಪಗೆ, ಉಪ್ಪಿಲ್ಲದ ಹುಳಿ ಉಂಡರು.

ಮೈಲಾಪುರದ ಒಂದು ಮದುವೆಯಲ್ಲಿ ಇವರ ಪಕ್ಕದ ಎಲೆಗೆ ನಿವೃತ್ತ ನ್ಯಾಯಾಧೀಶರೊಬ್ಬರು ಬಂದು ಕುಳಿತರು. ಅವರ ಗ್ರಹಚಾರ! ಪಾಯಸ ಬರುವಷ್ಟರಲ್ಲಿ ಮಾವ, ವಾದ ಮುಗಿದರೂ ತೀರ್ಪು ಕೊಡದೆ ಇಟ್ಟುಕೊಂಡ ಮೊಕದ್ದಮೆಗಳು ಅವರ ಕಾಲದಲ್ಲಿ ಎಷ್ಟಿದ್ದವು ಎಂದು ವರ್ಷವಾರು ವಿಚಾರಿಸಿಬಿಟ್ಟಿದ್ದರು. ಪುಣ್ಯಾತ್ಮರು ಮಜ್ಜಿಗೆಗೂ ಕಾಯದೆ ಎದ್ದು ಹೋದರು. ಎದುರು ಸಾಲಿನಲ್ಲಿದ್ದ ನಾನು ತಲೆ ಬಗ್ಗಿಸಿ ಎಲೆಯ ನರಗಳನ್ನು ಎಣಿಸುತ್ತಿದ್ದೆ.

ನಾಚಿಕೆಯ ವಿಷಯದಲ್ಲಿ ನಾನೇನು ಕಡಿಮೆಯವಳಲ್ಲ. ಗಂಡನ ಮನೆ ಬಿಟ್ಟು ಬಂದು ಈ ಸೋದರಮಾವನ ಮನೆಯಲ್ಲಿದ್ದೆ. ವಿಚ್ಛೇದನದ ಅರ್ಜಿ ಕುಟುಂಬ ನ್ಯಾಯಾಲಯದಲ್ಲಿತ್ತು. ನಾನು ಕೆಲಸ ಮಾಡುತ್ತಿದ್ದ ಇನ್ಶೂರೆನ್ಸ್ ಕಚೇರಿಯಲ್ಲಿ ಮಾತ್ರ "ನಮ್ಮವರು ಮಸ್ಕತ್ತಿನಲ್ಲಿದ್ದಾರೆ" ಎಂದು ಹೇಳಿದ್ದೆ. ಹೇಳಿದ ಮೇಲೆ ಆ ಸುಳ್ಳನ್ನು ಸಾಕಬೇಕಲ್ಲ? ಹಬ್ಬ ಬಂದಾಗ ಇಲ್ಲೇ ಪ್ಯಾರಿಸ್ ಕಾರ್ನರ್ ಪೇಟೆಯಲ್ಲಿ ಖರ್ಜೂರ ಕೊಂಡು, ಮಸ್ಕತ್ತಿನಿಂದ ಬಂತೆಂದು ಹಂಚಿದ್ದೂ ಉಂಟು.

ಕೋರ್ಟಿಗೆ ಹೋದಾಗಲೆಲ್ಲ ನ್ಯಾಯಾಧೀಶರ ಕುರ್ಚಿ ಖಾಲಿ. ಹಳಬರಿಗೆ ವರ್ಗವಾಗಿತ್ತು, ಹೊಸಬರು ಬಂದಿರಲಿಲ್ಲ. ಜವಾನ ಬಂದು ಮುಂದಿನ ತಾರೀಖು ಕೂಗುತ್ತಿದ್ದ. ಜೊತೆಗೆ ಬರುತ್ತಿದ್ದ ಮಾವ ಸುಮ್ಮನೆ ಕೂರುವ ಆಸಾಮಿಯೇ? ನೋಟುಬುಕ್ಕು ಹಿಡಿದು ಬೆಂಚಿನ ಮೇಲಿದ್ದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಕೇಳುತ್ತಿದ್ದರು. "ಏಮ್ಮಾ, ಉನಕ್ಕು ಎತ್ತನೈ ವಾಯಿದಾ?" ನಿನಗೆ ಎಷ್ಟು ವಾಯಿದೆ ಆಯಿತು ಎಂದು! ಅವರು ಬೆರಳು ಮಡಿಚಿ ಲೆಕ್ಕ ಹೇಳುತ್ತಿದ್ದರು. ನಾನು ಅವರ ಜೊತೆಗೆ ಬಂದವಳೇ ಅಲ್ಲ ಎಂಬಂತೆ ಕಂಬದ ಆಚೆ ಹೋಗಿ ನಿಲ್ಲುತ್ತಿದ್ದೆ.

ಪ್ರಶ್ನೆಗಳ ಲಕೋಟೆಯನ್ನು ಎಗ್ಮೋರಿಗೆ ಮುಟ್ಟಿಸುವ ಕೆಲಸ ನನ್ನದು. ಕಚೇರಿಗೆ ಹೋಗುವ ದಾರಿಯಲ್ಲೇ ಅದು ಇತ್ತು. ಒಂದು ಬೆಳಿಗ್ಗೆ ಮಾವ ಅಂಟಿಸದ ಲಕೋಟೆ ಕೊಟ್ಟರು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ತೆಗೆದು ಓದಿದೆ.

"(ಅ) ಕುಟುಂಬ ನ್ಯಾಯಾಲಯಗಳಲ್ಲಿ ನ್ಯಾಯಾಧೀಶರ ಸ್ಥಾನ ಎಲ್ಲೆಲ್ಲಿ, ಎಂದಿನಿಂದ ಖಾಲಿ ಇದೆ, (ಆ) ಆ ಕಾರಣದಿಂದ ಕಾಯುತ್ತಿರುವ ಹೆಂಗಸರ ಸಂಖ್ಯೆ ಎಷ್ಟು, ರಾಜ್ಯವಾರು, (ಇ) ಅಲ್ಲಿಯವರೆಗೆ ಅವರು ತಮ್ಮನ್ನು ಯಾರೆಂದು ಹೇಳಿಕೊಳ್ಳಬೇಕೆಂಬುದು ಸರ್ಕಾರದ ಅಭಿಪ್ರಾಯ?"

ಅಭಿಪ್ರಾಯ! ಕೇಳಲೇಬಾರದೆಂದು ನನಗೆ ಪಾಠ ಹೇಳಿದವರು ತಾವೇ ಕೇಳಿದ್ದರು. ಹಿಂದಿನ ವಾರ ನನ್ನ ಸಹೋದ್ಯೋಗಿ ಮನೆಗೆ ಫೋನು ಮಾಡಿದ್ದಾಗ ಎತ್ತಿದವರು ಮಾವ. ಮಸ್ಕತ್ತಿನ ಸಮಾಚಾರ ಅವಳಿಂದ ಕಿವಿಗೆ ಬಿದ್ದಿರಬೇಕು. ಇದು ಅಚ್ಚಾಗಿ ಇಡೀ ದೇಶಕ್ಕೆ ನನ್ನ ಖರ್ಜೂರದ ಕಥೆ ಗೊತ್ತಾಗುತ್ತದೆ ಎಂದೇ ಅನಿಸಿತು. ಎಗ್ಮೋರಿನಲ್ಲಿ ಇಳಿಯಲೇ ಇಲ್ಲ. ಲಕೋಟೆಯನ್ನು ಕಚೇರಿಯ ಡ್ರಾಯರಿನಲ್ಲಿ ಪಾಲಿಸಿ ಫಾರಂಗಳ ಅಡಿಗೆ ತುರುಕಿದೆ. ಸಂಜೆ ಮಾವ ಕೇಳಿದಾಗ "ಕೊಟ್ಟೆ" ಅಂದೆ.

ಅಧಿವೇಶನ ಶುರುವಾಯಿತು. ಮಾವ ವಾರಕ್ಕೊಮ್ಮೆ ಸ್ಟೇಷನ್ ಪಕ್ಕದ ಬ್ರೌಸಿಂಗ್ ಸೆಂಟರಿಗೆ ಹೋಗಿ ಪಾರ್ಲಿಮೆಂಟಿನ ಉತ್ತರಗಳನ್ನು ಹುಡುಕಿ ಬರುವರು. ಬಂದು ಚಪ್ಪಲಿ ಬಿಡುತ್ತ "ಇನ್ನೂ ಬಂದಿಲ್ಲ ಕಣೇ" ಎನ್ನುವರು. ಕಾಲೇಜು ಹುಡುಗರ ಮಧ್ಯೆ ಕನ್ನಡಕ ಮೇಲೆತ್ತಿ, ಅಲ್ಲಿ ಇರಲು ಸಾಧ್ಯವೇ ಇಲ್ಲದ ಉತ್ತರವನ್ನು ಹುಡುಕುತ್ತಿದ್ದ ಅವರನ್ನು ಒಮ್ಮೆ ಗಾಜಿನ ಬಾಗಿಲಿನಾಚೆಯಿಂದ ನೋಡಿದೆ. ಅಲ್ಲಿಯವರೆಗೆ ಮಾವನಿಗಾಗಿ ನಾಚುತ್ತಿದ್ದವಳಿಗೆ ನನ್ನ ಮೇಲೇ ಹೇಸಿಗೆಯಾಯಿತು. ಆ ಸಂಜೆ ಬಾಲ್ಕನಿಗೆ ಹೋಗಿ ಎಲ್ಲ ಹೇಳಿದೆ.

ಮಾವ ಪೆನ್ನಿನ ಮುಚ್ಚಳ ಹಾಕಿದರು. "ಗೊತ್ತಿತ್ತು. ಎಗ್ಮೋರ್ ಆಫೀಸಿನ ಇನ್‌ವರ್ಡ್ ಪುಸ್ತಕದಲ್ಲಿ ಆ ಪ್ರಶ್ನೆ ಇರ್ಲಿಲ್ಲ. ಹೋಗಿ ನೋಡಿದ್ದೆ. ಆಮೇಲೂ ಸೆಂಟರಿಗೆ ಹೋಗ್ತಿದ್ದದ್ದು ನಿಂಗೆ ಅನುಮಾನ ಬರ್ದಿರ್ಲಿ ಅಂತ."

"ಮತ್ತೆ ನನ್ನನ್ನ ಯಾಕೆ ಕೇಳ್ಲಿಲ್ಲ ಮಾವ?"

"ನಿನ್ನ ಏನಂತ ಕೇಳ್ಲಿ? ನಿನ್ನ ಕೇಳ್ದೆ ಬರ್ದಿದ್ದು ನಾನು. ನಿಂಗೆ ಎಷ್ಟು ನಾಚ್ಕೆ ಆಗುತ್ತೆ ಅಂತ ಹೊಳೀಲೇ ಇಲ್ಲ." ಅವರು ಮುಖ ತಿರುಗಿಸಿ ಪಂಚೆ ಒಣಗಿದೆಯೇ ಎಂದು ಮುಟ್ಟಿ ನೋಡಿದರು. "ನೀನು ಪೆಟ್ಟಿಗೆ ಹಿಡ್ಕೊಂಡು ಇಲ್ಲಿಗ್ ಬಂದ ವಾರಾನೇ ನಾನು ನ್ಯಾಯ ಇಲಾಖೆಗೆ ಬರ್ಯಕ್ಕೆ ಶುರು ಮಾಡಿದ್ದು. ಜಡ್ಜ್ ಹತ್ರ ಮಾತಾಡೋ ಅಷ್ಟು ದೊಡ್ಡೋನಲ್ಲ ನಾನು. ನಂಗೆ ಬರೋದು ಇದೊಂದೇ ಕೆಲ್ಸ. ಆ (ಇ) ಭಾಗ ಹೊಡ್ದಾಕ್ತೀನಿ, ಬಿಡು."

"ಹೊಡ್ದಾಕ್ಬೇಡಿ," ಅಂದೆ.

ಮಾರನೆಯ ದಿನ ಇಬ್ಬರೂ ಎಗ್ಮೋರಿಗೆ ಹೋದೆವು. ಸಂಸದರ ಸಹಾಯಕ ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಕೊನೆಗೆ ಬಂದು ನಿಂತ. ಈ ಭಾಗವನ್ನು ದೆಹಲಿಯಲ್ಲಿ ಒಪ್ಪುವುದಿಲ್ಲ ಎಂದ. ಮಾವ ಗೊತ್ತು ಅಂದರು. ಅವನು ನನ್ನನ್ನೊಮ್ಮೆ ನೋಡಿ, "ಇದು ಯಾರ್ ಕೇಸ್ ಸಾರ್?" ಎಂದು ಕೇಳಿದ.

ಬಾಯಿ ತೆರೆದೆ. ಮಸ್ಕತ್ತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇಲ್ಲವೆಂದು ಸುಳ್ಳು ಹೇಳಲಾರೆ. ಅಷ್ಟರಲ್ಲಿ ಮಾವ, ಮಕ್ಕಳಿಲ್ಲದ ನನ್ನ ಸೋದರಮಾವ, ನನಗಿಂತ ಅರ್ಧ ಹೆಜ್ಜೆ ಮುಂದೆ ಬಂದು ನಿಂತು, "ಎನ್ ಪೊಣ್ಣೋಡದು," ಅಂದರು. ನನ್ನ ಮಗಳದು.

ನಾನು ಅದನ್ನು ತಿದ್ದಲಿಲ್ಲ.